ಪಕ್ಷ ಅವರದು, ವೋಟು ನಮ್ಮದು

1/8

ಪೆನ್ಸಿಲ್ವೇನಿಯಾಗೆ ಎಷ್ಟು ಎಲೆಕ್ಟೋರಲ್ ವೋಟು? 19. ನಮ್ಮ ಕ್ಲಾಸಲ್ಲಿ ಗೂಗಲ್ ಮಾಡದೇ ಹೇಳೋರಿದ್ದಾರೆ. 2024ರ ನವೆಂಬರ್ 5ರಿಂದ ಎರಡು ದಿನ ಎಲ್ಲರ ಸ್ಟೋರಿಯಲ್ಲೂ ಕೆಂಪು-ನೀಲಿ ಮ್ಯಾಪ್. ಒಬ್ಬ ಟ್ರಂಪ್ ಕಡೆ, ಇನ್ನೊಬ್ಬಳು ಕಮಲಾ ಕಡೆ. ಬದನಗುಪ್ಪೆ ಸ್ಟೇಷನ್‌ನಲ್ಲಿ ಟ್ರೈನ್ ಕಾಯ್ತಾ ನಿಂತವರು ಜಾರ್ಜಿಯಾ ಏನಾಯ್ತು ಅಂತ ರಿಫ್ರೆಶ್ ಮಾಡ್ತಿದ್ರು. ಆಮೇಲೆ 312–226, ಟ್ರಂಪ್ ಗೆದ್ದರು. ಗ್ರೂಪಲ್ಲಿ ಇಬ್ಬರು ಮಾತು ಬಿಟ್ಟರು.

ಸರಿ, ಈಗ ನಂದೊಂದು ಪ್ರಶ್ನೆ. ತಾಲೂಕು ಪಂಚಾಯ್ತಿಯಲ್ಲಿ ನಿಮ್ಮ ಕ್ಷೇತ್ರದ ಸದಸ್ಯರು ಯಾರು?

ತಲೆ ಕೆರ್ಕೊಬೇಡಿ. ಉತ್ತರ: ಯಾರೂ ಇಲ್ಲ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಗೆ ಕೊನೇ ಸಲ ಎಲೆಕ್ಷನ್ ಆಗಿದ್ದು 2016ರಲ್ಲಿ. ಅವಧಿ ಮುಗಿದಿದ್ದು 2021ರಲ್ಲಿ. 2024ಕ್ಕೇ ಮೂರು ವರ್ಷ ದಾಟ್ತು, ಕುರ್ಚಿ ಖಾಲಿ, ಅಧಿಕಾರಿಗಳೇ ಆಡಳಿತ ನಡೆಸ್ತಿದ್ದಾರೆ. ಬಿಜೆಪಿ ಸರ್ಕಾರ ಇದ್ದಾಗಲೂ ಎಲೆಕ್ಷನ್ ಆಗಲಿಲ್ಲ. ಕಾಂಗ್ರೆಸ್ ಸರ್ಕಾರ ಬಂದ ಮೇಲೂ ಆಗಿಲ್ಲ.

ಇದರ ಮೇಲೆ ಒಂದು ರೀಲ್ ನೋಡಿದ್ರಾ? ನಾನೂ ನೋಡಿಲ್ಲ. ಯಾಕಂದ್ರೆ ಇದರಲ್ಲಿ ಬೈಯೋಕೆ ಒಂದೇ ಪಕ್ಷ ಸಿಗಲ್ಲ. ಎರಡೂ ಕಡೆಯವರು ತಪ್ಪು ಮಾಡಿದಾಗ ಫ್ಯಾನ್‌ಗಳಿಗೆ ಕೆಲಸ ಇರಲ್ಲ.

ಈ ಸೀರೀಸ್ ಅದರ ಬಗ್ಗೆನೇ. ಪಕ್ಷದ ಅಭಿಮಾನ ಅನ್ನೋದು ನಮ್ಮ ಕೈಯಲ್ಲಿರೋ ಪ್ರಶ್ನೆಯನ್ನ ಹೇಗೆ ಕಿತ್ಕೊಳ್ಳುತ್ತೆ ಅನ್ನೋದರ ಬಗ್ಗೆ.

2/8

ಅಮೆರಿಕ ನೋಡಬೇಡಿ ಅಂತ ಹೇಳ್ತಿಲ್ಲ. ನೋಡಲೇಬೇಕು. ಅಲ್ಲಿ ಒಂದು ಸಹಿ ಬಿದ್ದರೆ ಇಲ್ಲಿ ಮನೆ ಲೆಕ್ಕ ಬದಲಾಗುತ್ತೆ. 2020ರ ಜೂನ್‌ನಲ್ಲಿ ಟ್ರಂಪ್ ಒಂದು ಆದೇಶ ಹೊರಡಿಸಿ, ಹೊಸ ಎಚ್-1ಬಿ ವೀಸಾದವರು ಒಳಗೆ ಬರೋದನ್ನ ವರ್ಷದ ಕೊನೆ ತನಕ ನಿಲ್ಲಿಸಿದ್ರು. ಮೈಸೂರು, ಬೆಂಗಳೂರಲ್ಲಿ ಎಷ್ಟೋ ಮನೆಯವರಿಗೆ ಆ ವರ್ಷ ನೆನಪಿದೆ. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಗರ್ಭಪಾತದ ಹಕ್ಕು ಕೊಟ್ಟಿದ್ದ ಸುಮಾರು ಐವತ್ತು ವರ್ಷದ ಹಿಂದಿನ ತೀರ್ಪನ್ನ ತೆಗೆದುಹಾಕ್ತು. ಆ ಕೋರ್ಟಿನಲ್ಲಿ ಮೂವರು ಜಡ್ಜ್‌ಗಳನ್ನ ನೇಮಿಸಿದ್ದು ಒಬ್ಬನೇ ಅಧ್ಯಕ್ಷ, ನಾಲ್ಕೇ ವರ್ಷದಲ್ಲಿ. ಎಲೆಕ್ಷನ್‌ನಲ್ಲಿ ಏನಿದೆ ಅಂತ ಕೇಳೋರಿಗೆ ಇದು ಸಾಕು.

ಆದರೆ ಅಲ್ಲಿಂದ ನಾವು ಏನನ್ನ ಕಲೀತಿದ್ದೀವಿ ನೋಡಿ. ಅಲ್ಲಿ ಎಷ್ಟೋ ಜನಕ್ಕೆ ಪಕ್ಷ ಅನ್ನೋದು ಮನೆತನದ ಹೆಸರಿನ ಹಾಗೆ ಆಗೋಗಿದೆ. ಎದುರು ಪಕ್ಷದವನು ಅಂದ್ರೆ ಶತ್ರು. ಪ್ರತಿ ಸಲವೂ "ಇದೇ ಕೊನೇ ಎಲೆಕ್ಷನ್, ಸೋತರೆ ದೇಶ ಮುಗೀತು" ಅಂತ ಎರಡೂ ಕಡೆ ಕೂಗು. ಆ ಕೂಗನ್ನ ಪೂರ್ತಿ ನಂಬಿದವರು ಏನು ಮಾಡಿದ್ರು? 2020ರಲ್ಲಿ ಬೈಡನ್ 306, ಟ್ರಂಪ್ 232. ಎಣಿಕೆ ಆಗಿದೆ, ಕೋರ್ಟ್‌ಗೆ ಹೋಗಿ ಸೋತಿದ್ದೂ ಆಗಿದೆ. ಆದರೂ 2021ರ ಜನವರಿ 6ಕ್ಕೆ ಪಾರ್ಲಿಮೆಂಟ್ ಕಟ್ಟಡಕ್ಕೇ ನುಗ್ಗಿದ್ರು. ಅವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಥರ ಫೋನ್ ನೋಡ್ಕೊಂಡು ಇದ್ದೋರೇ. ತಮ್ಮ ಪಕ್ಷ ಸೋಲೋಕೆ ಸಾಧ್ಯವೇ ಇಲ್ಲ ಅಂತ ನಂಬಿದ್ರು, ಅಷ್ಟೇ.

ನಾವು ಅಮೆರಿಕದ ರೋಡು, ಲೈಬ್ರರಿ ತರಿಸ್ಕೊಳ್ಳಲಿಲ್ಲ. ಈ ಕಾಯಿಲೆ ಮಾತ್ರ ಫ್ರೀ ಡೆಲಿವರಿ ತಗೊಂಡ್ವಿ.

3/8

"ಒಂದು ವೋಟಿಂದ ಏನಾಗುತ್ತೆ" ಅನ್ನೋ ಗೆಳೆಯರಿಗೆ ಈ ಸ್ಲೈಡ್.

2000ದಲ್ಲಿ ಫ್ಲೋರಿಡಾ ರಾಜ್ಯದಲ್ಲಿ ಬುಷ್ ಗೆದ್ದಿದ್ದು 537 ವೋಟಿಂದ. ಅಲ್ಲಿ ಬಿದ್ದ ವೋಟು ಹತ್ತಿರ ಹತ್ತಿರ 60 ಲಕ್ಷ. ಆ 537ರಿಂದ ಇಡೀ ದೇಶಕ್ಕೆ ಅಧ್ಯಕ್ಷ ಯಾರು ಅಂತ ತೀರ್ಮಾನ ಆಯ್ತು. ಪ್ರಪಂಚ ಪೂರ್ತಿ ಈ ಕಥೆ ಹೇಳುತ್ತೆ.

ನಮ್ಮ ಜಿಲ್ಲೆ ಕಥೆ ಅದಕ್ಕಿಂತ ದೊಡ್ಡದು ಗುರು. 2004, ಅಂದ್ರೆ ನಮ್ಮಲ್ಲಿ ಬಹಳ ಜನ ಹುಟ್ಟಿದ ವರ್ಷ. ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರ. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದು ವೋಟು. ಒಂದೇ ಒಂದು. ಕೃಷ್ಣಮೂರ್ತಿ ಅವರ ಕಾರ್ ಡ್ರೈವರ್‌ಗೆ ಅವತ್ತು ವೋಟು ಹಾಕೋಕೆ ಬಿಡುವೇ ಸಿಗಲಿಲ್ಲ ಅಂತ ಇವತ್ತಿಗೂ ಜನ ಹೇಳ್ಕೊಂಡು ನಗ್ತಾರೆ.

2008ಕ್ಕೆ ಕ್ಷೇತ್ರ ಮರುವಿಂಗಡಣೆ ಆಗಿ ಸಂತೆಮರಹಳ್ಳಿ ಕ್ಷೇತ್ರವೇ ಇಲ್ಲವಾಯ್ತು. ಆದ್ದರಿಂದ ನಮ್ಮ ವಯಸ್ಸಿನವರಿಗೆ ಇದು ಗೊತ್ತಿಲ್ಲ. ಫ್ಲೋರಿಡಾ ಗೊತ್ತು, ಬಸ್ಸಲ್ಲಿ ಹೋದ್ರೆ ಸಿಗೋ ಸಂತೆಮರಹಳ್ಳಿ ಗೊತ್ತಿಲ್ಲ.

ಹದಿನೈದು ವರ್ಷ ಆದ ಮೇಲೆ, 2019ರ ಲೋಕಸಭೆ. ಅದೇ ಧ್ರುವನಾರಾಯಣ ಅವರು ಚಾಮರಾಜನಗರದಲ್ಲಿ 1,817 ವೋಟಿಂದ ಸೋತರು. ಬಿದ್ದ ವೋಟು ಹನ್ನೊಂದು ಲಕ್ಷಕ್ಕೂ ಜಾಸ್ತಿ. ಒಂದು ವೋಟಿಗೆ ಇರೋ ಬೆಲೆಯ ಎರಡು ಮುಖವನ್ನೂ ಒಬ್ಬರೇ ನೋಡಿದ್ರು.

ಆದ್ದರಿಂದ ವೋಟು ಸಣ್ಣದು ಅನ್ನೋ ಮಾತು ನಮ್ಮ ಜಿಲ್ಲೆಯಲ್ಲಿ ನಡೆಯಲ್ಲ. ವೋಟು ದೊಡ್ಡದು. ಸಣ್ಣದಾಗಿರೋದು ನಾವು ಅದನ್ನ ಬಳಸೋ ರೀತಿ.

4/8

ಆ ಒಂದು ವೋಟಿನ ಕಥೆ ಅಲ್ಲಿಗೇ ಮುಗಿಯಲ್ಲ. ಮುಂದೆ ಕೇಳಿ.

2004ರಲ್ಲಿ ಜೆಡಿಎಸ್‌ನಿಂದ ಸೋತ ಕೃಷ್ಣಮೂರ್ತಿ ಅವರು 2009, 2014ರ ಲೋಕಸಭೆಗೆ ಬಿಜೆಪಿಯಿಂದ ನಿಂತರು, ಎದುರಾಳಿ ಮತ್ತೆ ಧ್ರುವನಾರಾಯಣ ಅವರೇ. 2018ಕ್ಕೆ ಕೊಳ್ಳೇಗಾಲದಲ್ಲಿ ಕಾಂಗ್ರೆಸ್ ಅಭ್ಯರ್ಥಿ. ಅವತ್ತು ಅವರನ್ನ ಸೋಲಿಸಿದ್ದು ಬಿಎಸ್‌ಪಿಯ ಎನ್. ಮಹೇಶ್. 2021ಕ್ಕೆ ಮಹೇಶ್ ಅವರು ಬಿಜೆಪಿ ಸೇರಿದ್ರು. 2023ರಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಸಲ ಕಾಂಗ್ರೆಸ್‌ನ ಕೃಷ್ಣಮೂರ್ತಿ ಅವರು 59,519 ವೋಟಿಂದ ಗೆದ್ದರು. ಒಂದರಿಂದ ಸೋತವರು ಅರವತ್ತು ಸಾವಿರದ ಹತ್ತಿರ ಬಂದು ನಿಂತರು.

ಪಕ್ಕದ ನಂಜನಗೂಡು ನೋಡಿ. 2013ರಲ್ಲಿ ವಿ. ಶ್ರೀನಿವಾಸ ಪ್ರಸಾದ್ ಕಾಂಗ್ರೆಸ್, ಕಳಲೆ ಕೇಶವಮೂರ್ತಿ ಜೆಡಿಎಸ್. 2017ರ ಉಪಚುನಾವಣೆಗೆ ಅದೇ ಇಬ್ಬರು, ಅದೇ ಊರು. ಆದರೆ ಪ್ರಸಾದ್ ಬಿಜೆಪಿ, ಕೇಶವಮೂರ್ತಿ ಕಾಂಗ್ರೆಸ್. ಬಾವುಟ ಬದಲಾಯ್ತು, ಮುಖ ಅದೇ.

ಅಷ್ಟು ಹಿಂದೆ ಯಾಕೆ? 2024ರದೇ ತಗೊಳ್ಳಿ. ಚನ್ನಪಟ್ಟಣದ ಸಿ.ಪಿ. ಯೋಗೇಶ್ವರ್ ಅಕ್ಟೋಬರ್‌ನಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್. ನವೆಂಬರ್ 23ಕ್ಕೆ ಕಾಂಗ್ರೆಸ್ ಎಂಎಲ್‌ಎ. ಅವರನ್ನ ಬೈದು ಪೋಸ್ಟ್ ಹಾಕಿದ್ದ ಕಾಂಗ್ರೆಸ್ ಹುಡುಗರು ಒಂದೇ ತಿಂಗಳಲ್ಲಿ ಅವರಿಗೇ ಜೈಕಾರ. ಜೈಕಾರ ಹಾಕಿದ್ದ ಬಿಜೆಪಿ ಹುಡುಗರು ಡಿಲೀಟ್ ಮಾಡೋದ್ರಲ್ಲಿ ಬಿಝಿ.

ಪಕ್ಷ ಬದಲಾಯಿಸಿದ್ದಕ್ಕೆ ಈ ನಾಯಕರನ್ನ ಬೈಯೋಕೆ ಇದನ್ನೆಲ್ಲ ಬರೀತಿಲ್ಲ. ಅವರವರ ಲೆಕ್ಕ ಅವರಿಗೆ ಇರುತ್ತೆ, ಕೆಲವರಿಗೆ ನ್ಯಾಯವಾದ ಕಾರಣವೂ ಇರಬಹುದು. ನಾನು ಕೇಳ್ತಿರೋದು ನಿಮ್ಮನ್ನ. ಅವರಿಗೆ ಪಕ್ಷ ಅನ್ನೋದು ಹತ್ತೋ ಬಸ್ಸು. ಊರು ಬಂದರೆ ಇಳಿದು ಇನ್ನೊಂದು ಹತ್ತುತ್ತಾರೆ. ನೀವ್ಯಾಕೆ ಆ ಬಸ್ಸಿಗೆ ನಿಮ್ಮ ಹೆಸರು ಬರೆಸ್ಕೊಂಡು ಕೂತಿದ್ದೀರಿ?

ನಮ್ಮ ಊರುಗಳಲ್ಲಿ ಎಲೆಕ್ಷನ್ ಜಗಳಕ್ಕೆ ಅಣ್ಣ-ತಮ್ಮ ಮಾತು ಬಿಟ್ಟಿದ್ದಾರೆ. ದೊಡ್ಡಪ್ಪನ ಮನೆ ಮದುವೆಗೆ ಚಿಕ್ಕಪ್ಪ ಹೋಗಿಲ್ಲ. ಆ ಜಗಳ ಹಚ್ಚಿದ ನಾಯಕರು ಅಷ್ಟರಲ್ಲಿ ಒಂದೇ ವೇದಿಕೆ ಮೇಲೆ ಕೂತು ಹಾರ ಹಾಕಿಸ್ಕೊಂಡಿರ್ತಾರೆ. ಮೇಲೆ ರಾಜಿ ಆಗುತ್ತೆ ಮಗಾ, ಕೆಳಗೆ ಆಗಲ್ಲ.

5/8

"ಅಮೆರಿಕದವರೂ ಪಕ್ಷಕ್ಕೆ ಅಂಟ್ಕೊಂಡಿಲ್ವಾ?" ಅಂತ ಕೇಳ್ತೀರಿ. ಸರಿ, ಹೋಲಿಸೋಣ.

ಅಲ್ಲಿ ಪಕ್ಷದ ಸಾಮಾನ್ಯ ಬೆಂಬಲಿಗನಿಗೆ ಒಂದು ಹಕ್ಕಿದೆ. ಪ್ರೈಮರಿ ಅಂತ ಮಾಡ್ತಾರೆ. ಯಾರು ಅಭ್ಯರ್ಥಿ ಆಗಬೇಕು ಅನ್ನೋದಕ್ಕೇ ಜನ ವೋಟು ಹಾಕ್ತಾರೆ. ಎಂಎಲ್‌ಎ ಥರದ ಸ್ಥಾನದಿಂದ ಅಧ್ಯಕ್ಷನ ತನಕ. 2016ರಲ್ಲಿ ಟ್ರಂಪ್ ಬೇಡ ಅಂತ ಅವರ ಪಕ್ಷದ ಎಷ್ಟೋ ದೊಡ್ಡೋರು ಅಂದ್ರು. ಪಕ್ಷದ ಸಾಮಾನ್ಯ ವೋಟರ್‌ಗಳು ಬೇಕು ಅಂದ್ರು. ದೊಡ್ಡೋರು ಸುಮ್ಮನಾಗಬೇಕಾಯ್ತು. ಅದು ಒಳ್ಳೇದೋ ಕೆಟ್ಟದ್ದೋ ಬೇರೆ ಮಾತು. ಅಧಿಕಾರ ಇತ್ತು ಅನ್ನೋದು ಮುಖ್ಯ.

ಇಲ್ಲಿ? ಬಿ ಫಾರಂ ಬೆಂಗಳೂರಿಂದ ಬರುತ್ತೆ, ದೆಹಲಿಯಿಂದ ಬರುತ್ತೆ. ಹತ್ತು ವರ್ಷ ಬಾವುಟ ಕಟ್ಟಿದ ನಮ್ಮೂರ ಕಾರ್ಯಕರ್ತನಿಗೆ ಅಭ್ಯರ್ಥಿ ಯಾರು ಅಂತ ಗೊತ್ತಾಗೋದು ಟಿವಿ ನೋಡಿ. ನಿನ್ನೆ ತನಕ ಯಾರನ್ನ ಬೈದನೋ ಅವರಿಗೇ ನಾಳೆ ಕರಪತ್ರ ಹಂಚಬೇಕು.

ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಪಾರ್ಟ್‌ನರ್ ಆದವನಿಗೆ ಲಾಭದಲ್ಲಿ ಪಾಲಿರುತ್ತೆ, ಲೆಕ್ಕದ ಪುಸ್ತಕ ನೋಡೋ ಹಕ್ಕಿರುತ್ತೆ. ನಿಮಗೆ ಪಾಲೂ ಇಲ್ಲ, ಪುಸ್ತಕವೂ ಇಲ್ಲ. ಆದರೂ ಪಕ್ಷಕ್ಕೆ ಕೆಟ್ಟ ಹೆಸರು ಬಂದರೆ ಕಮೆಂಟ್‌ನಲ್ಲಿ ಹೊಡೆದಾಡೋಕೆ ನೀವು ಬೇಕು. ಇದಕ್ಕೆ ಪಾರ್ಟ್‌ನರ್‌ಶಿಪ್ ಅನ್ನಲ್ಲ. ಸಂಬಳ ಇಲ್ಲದ ಚಾಕರಿ ಅಂತಾರೆ.

6/8

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಇದನ್ನ ಸ್ವೈಪ್ ಮಾಡ್ಕೊಂಡು ಹೋಗಬೇಡಿ.

2021ರ ಮೇ 2ರ ರಾತ್ರಿ. ಚಾಮರಾಜನಗರ ಜಿಲ್ಲಾಸ್ಪತ್ರೆ. 24 ಗಂಟೆ ಒಳಗೆ 24 ಜನ ಸತ್ತರು. ನಾವಾಗ ಪಿಯುಸಿ ವಯಸ್ಸಿನವರು. ಆಂಬುಲೆನ್ಸ್ ಸದ್ದು ಕೇಳಿದರೆ ಮನೇಲಿ ಎಲ್ಲರೂ ಸುಮ್ಮನಾಗೋರು. ಮೊದಲು ಸರ್ಕಾರದ ಕಡೆಯಿಂದ ಬಂದ ಮಾತು, ಆಕ್ಸಿಜನ್ ಇಲ್ಲದೇ ಸತ್ತವರು ಮೂರೇ ಜನ ಅಂತ. ಆಮೇಲೆ ಹೈಕೋರ್ಟ್ ವಿಚಾರಣೆಯಲ್ಲಿ ನೇಮಕ ಆದ ಸಮಿತಿ ಬೇರೆಯದನ್ನೇ ಹೇಳ್ತು. ಆಕ್ಸಿಜನ್ ಕೊರತೆ ಇತ್ತು ಅಂತ ವರದಿ ಕೊಡ್ತು.

ಅವತ್ತು ಬಿಜೆಪಿ ಬೆಂಬಲಿಸೋ ಹುಡುಗರು ಏನಂದ್ರು? "ಸಾವಲ್ಲಿ ರಾಜಕೀಯ ಮಾಡಬೇಡಿ." ಕಾಂಗ್ರೆಸ್ ಬೆಂಬಲಿಸೋರು ಡಿಪಿ ಕಪ್ಪು ಮಾಡಿದ್ರು. 2022ರ ಸೆಪ್ಟೆಂಬರ್‌ನಲ್ಲಿ ಭಾರತ್ ಜೋಡೋ ಯಾತ್ರೆ ಗುಂಡ್ಲುಪೇಟೆಗೆ ಬಂದಾಗ ರಾಹುಲ್ ಗಾಂಧಿ ಆ ಕುಟುಂಬಗಳನ್ನ ಭೇಟಿ ಮಾಡಿದ್ರು. ಫೋಟೋ ಎಲ್ಲರೂ ಶೇರ್ ಮಾಡಿದ್ರಿ. 2023ರ ಮೇನಲ್ಲಿ ಸರ್ಕಾರ ಬದಲಾಯ್ತು.

ಆವತ್ತಿಂದ ಕೇಳೋ ಬಾಯಿಗಳು ಅದಲು ಬದಲಾದವು. ಕಪ್ಪು ಡಿಪಿ ಹಾಕಿದ್ದವರು ಈಗ "ಸ್ವಲ್ಪ ಟೈಮ್ ಕೊಡಿ" ಅಂತಾರೆ. ರಾಜಕೀಯ ಮಾಡಬೇಡಿ ಅಂದಿದ್ದವರು ಈಗ "ಏನು ಮಾಡಿದ್ರಿ?" ಅಂತ ಕೇಳ್ತಾರೆ. ಪ್ರಶ್ನೆ ಒಂದೇ. ಗಂಡನನ್ನ ಕಳ್ಕೊಂಡ ಆ ಹೆಂಗಸಿಗೆ, ಅಪ್ಪನನ್ನ ಕಳ್ಕೊಂಡ ಆ ಮಗುವಿಗೆ ಆ ಪ್ರಶ್ನೆ 2021ರಲ್ಲೂ ಇತ್ತು, 2024ರಲ್ಲೂ ಇತ್ತು. ಅವರಿಗೆ ಸರ್ಕಾರ ನೋಡಿಕೊಂಡು ದುಃಖ ಬರಲ್ಲ.

ನಾವು ಆಡಿಟಿಂಗ್ ಪೇಪರ್‌ಗೆ ಬಾಯಿಪಾಠ ಮಾಡಿರ್ತೀವಿ: ಕಂಪನಿಯ ಷೇರು ಇಟ್ಕೊಂಡವನು ಆ ಕಂಪನಿಗೆ ಆಡಿಟರ್ ಆಗೋ ಹಾಗಿಲ್ಲ. 2013ರ ಕಂಪನಿ ಕಾಯ್ದೆ, ಸೆಕ್ಷನ್ 141. ಯಾಕೆ? ತನ್ನ ದುಡ್ಡು ಇರೋ ಕಡೆ ತಪ್ಪು ಕಣ್ಣಿಗೆ ಕಾಣಲ್ಲ. ವೋಟರ್ ಅಂದ್ರೆ ಸರ್ಕಾರದ ಆಡಿಟರ್. ನೀವು ನಿಮ್ಮ ಮರ್ಯಾದೆನೆಲ್ಲ ಒಂದು ಪಕ್ಷದ ಷೇರಲ್ಲಿ ಹಾಕ್ಬಿಟ್ರೆ ಲೆಕ್ಕ ನೋಡೋದು ಯಾರು?

ಪಕ್ಷಾಭಿಮಾನದಿಂದ ಆಗೋ ನಷ್ಟ ಇದೇ. ಗೆಳೆಯರ ಜಗಳ ಸಣ್ಣದು. ದೊಡ್ಡ ನಷ್ಟ ಏನಂದ್ರೆ, ಯಾವ ಸರ್ಕಾರ ಇದ್ದರೂ ಊರಲ್ಲಿ ಅರ್ಧ ಜನ ಬಾಯಿ ಮುಚ್ಕೊಂಡಿರ್ತಾರೆ. ಉಳಿದ ಅರ್ಧ ಜನ ಕೇಳಿದ್ದನ್ನ "ಎದುರು ಪಾರ್ಟಿಯವರು ಬುಡು" ಅಂತ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ.

7/8

ಡಿಎಂನಲ್ಲಿ ಬರೋ ಮಾತುಗಳು ನನಗೆ ಗೊತ್ತು. ಇಲ್ಲೇ ಉತ್ತರ ಕೊಡ್ತೀನಿ.

"ಹಾಗಾದ್ರೆ ಎಲ್ಲಾ ಪಕ್ಷವೂ ಒಂದೇನಾ?" ಅಲ್ಲ. ಒಂದೇ ಅಲ್ಲವೇ ಅಲ್ಲ. ಯೋಜನೆ ಬೇರೆ, ಕಾನೂನು ಬೇರೆ, ಯಾರ ಪರ ನಿಲ್ತಾರೆ ಅನ್ನೋದು ಬೇರೆ. ಒಂದು ಆರಿಸ್ಕೊಳ್ಳಲೇಬೇಕು. ನಾನೂ ವೋಟು ಹಾಕಿದ್ದೀನಿ. ಆರಿಸೋದು ಬೇರೆ, ಅಡವಿಡೋದು ಬೇರೆ.

"ಹೆಣ್ಣುಮಕ್ಕಳಿಗ್ಯಾಕೆ ಇದೆಲ್ಲ?" ಬಸ್ ಟಿಕೆಟ್‌ನಿಂದ ಹೆರಿಗೆ ವಾರ್ಡ್ ತನಕ ಸರ್ಕಾರ ಮೊದಲು ಮುಟ್ಟೋದು ನಮ್ಮನ್ನೇ, ಅದಕ್ಕೆ. ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದ ಕೆ.ಎಸ್. ನಾಗರತ್ನಮ್ಮನವರು ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್. ಅದೂ 1972ರಲ್ಲಿ. ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಕೇಳೋದೇ ನಾಚಿಕೆಗೇಡು.

"ಈ ಸಲ ನಮ್ಮವರು ಸೋತರೆ ಎಲ್ಲಾ ಮುಗೀತು." ಇದು ಅಮೆರಿಕದಿಂದಲೂ ಬರುತ್ತೆ, ದೆಹಲಿಯಿಂದಲೂ ಬರುತ್ತೆ. ಇದರ ಕೆಲಸವೇ ನಿಮ್ಮ ಬಾಯಿ ಮುಚ್ಚಿಸೋದು. ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿದರೆ ಯಾರು ತಾನೇ ನೀರಿನ ಬಿಲ್ ಕೇಳ್ತಾರೆ? ಐದು ವರ್ಷವೂ ಬೆಂಕಿ ಅಂತ ಕೂಗ್ತಾ ಇರ್ತಾರೆ. ಬಿಲ್ ಹಾಗೇ ಉಳಿಯುತ್ತೆ.

ಬಿಲ್ ಕೇಳಿದವರು ಯಾರು ಗೊತ್ತಾ? ಇಂಡಿಗನತ್ತದವರು. ಮಹದೇಶ್ವರ ಬೆಟ್ಟದ ಕಾಡೊಳಗಿನ ಊರು, ನಮ್ಮದೇ ಲೋಕಸಭಾ ಕ್ಷೇತ್ರ. 2024ರ ಏಪ್ರಿಲ್ 26ಕ್ಕೆ, ಮೂಲಸೌಕರ್ಯ ಕೊಟ್ಟಿಲ್ಲ ಅಂತ ಮತದಾನ ಬಹಿಷ್ಕಾರ ಹಾಕಿದ್ರು. ಗಲಾಟೆ ಆಗಿ ಮತಯಂತ್ರ ಪುಡಿ ಆಯ್ತು. 29ಕ್ಕೆ ಮರುಮತದಾನ ಮಾಡಬೇಕಾಯ್ತು. ಮತಯಂತ್ರ ಒಡೆಯೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ವೋಟು ಹಾಕದೇ ಇರೋದೂ ದಾರಿ ಅಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಒಂದು ಗಮನಿಸಿ. ಅವರ ಕೋಪಕ್ಕೆ ಪಕ್ಷದ ಬಣ್ಣ ಇರಲಿಲ್ಲ. ಕೇಳಿದ್ದು ಇಷ್ಟೇ: ಇಷ್ಟು ವರ್ಷ ವೋಟು ತಗೊಂಡ್ರಲ್ಲ, ನಮಗೆ ಬಂದಿದ್ದೇನು?

ಆ ಸುದ್ದಿ ನಮ್ಮ ಸ್ಟೋರಿಯಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಜಾರ್ಜಿಯಾ ಮ್ಯಾಪ್ ಎರಡು ದಿನ ಇತ್ತು.

8/8

ಬೈದು ಹೋಗೋಕೆ ಬಂದಿಲ್ಲ. ಮಾಡೋ ಕೆಲಸ ಹೇಳಿ ಹೋಗ್ತೀನಿ.

ಒಂದು. ವೋಟರ್ ಲಿಸ್ಟ್‌ನಲ್ಲಿ ಹೆಸರು ಇದೆಯಾ ನೋಡ್ಕೊಳ್ಳಿ. ಇಲ್ಲ ಅಂದ್ರೆ ಫಾರಂ 6. ನಿಮ್ಮ ತಮ್ಮನಿಗೆ, ತಂಗಿಗೆ 17 ತುಂಬಿದ್ದರೆ ಈಗಲೇ ಅರ್ಜಿ ಹಾಕಬಹುದು. 18 ತುಂಬೋದಕ್ಕೆ ಮುಂಚೆ ಜನವರಿ 1 ಒಂದೇ ಲೆಕ್ಕ ಇತ್ತು, ಈಗ ವರ್ಷಕ್ಕೆ ನಾಲ್ಕು ದಿನಾಂಕ ಇದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಹಾಸ್ಟೆಲ್‌ನಲ್ಲಿರೋರು ಹೆಸರು ಊರಲ್ಲಿದೆಯಾ, ಇಲ್ಲಿದೆಯಾ ಅಂತ ಒಂದ್ಸಲ ನೋಡಿ.

ಎರಡು. ಗ್ರಾಮಸಭೆಗೆ ಹೋಗಿ. ಆರು ತಿಂಗಳಿಗೆ ಒಂದಾದರೂ ನಡೆಸಬೇಕು ಅಂತ ಕಾನೂನೇ ಇದೆ. ಯಾವಾಗ ಅಂತ ಪಂಚಾಯ್ತಿ ಆಫೀಸ್‌ನಲ್ಲಿ ಪಿಡಿಒ ಅವರನ್ನ ಕೇಳಿ. ಹಿಂದೆ ನಿಂತು ವಿಡಿಯೋ ಮಾಡಬೇಡಿ, ಮುಂದೆ ಕೂತು ಲೆಕ್ಕ ಕೇಳಿ. ನಾವು ಬಿಕಾಂನವರು, ಖರ್ಚಿನ ಪಟ್ಟಿ ಓದೋಕೆ ಬರುತ್ತೆ. ಊರಲ್ಲಿ ಎಷ್ಟೋ ಹಿರಿಯರಿಗೆ ಬರಲ್ಲ. ಪಕ್ಕದಲ್ಲಿ ಕೂತು ಓದಿ ಹೇಳಿ.

ಮೂರು. ಗ್ರಾಮ ಪಂಚಾಯ್ತಿ ಎಲೆಕ್ಷನ್. ಕರ್ನಾಟಕದಲ್ಲಿ ಅದಕ್ಕೆ ಪಕ್ಷದ ಚಿಹ್ನೆಯೇ ಇಲ್ಲ. ಕಾನೂನೇ ನಿಮಗೆ ಹೇಳ್ತಿದೆ, ಇಲ್ಲಿ ಮನುಷ್ಯರನ್ನ ನೋಡು ಅಂತ. ಆದರೂ "ಇವನು ಕಾಂಗ್ರೆಸ್ ಕ್ಯಾಂಡಿಡೇಟ್, ಅವನು ಬಿಜೆಪಿ ಕ್ಯಾಂಡಿಡೇಟ್" ಅಂತ ನಾವೇ ಹಣೆಪಟ್ಟಿ ಅಂಟಿಸ್ತೀವಿ. ಈ ಸಲ ಅಂಟಿಸಬೇಡಿ. ಮೋರಿ ಯಾರು ಮಾಡಿಸ್ತಾರೆ ಅಂತ ಕೇಳಿ.

ನಾಲ್ಕು. ತಾಲೂಕು, ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಯಾವಾಗ ಅಂತ ನಿಮ್ಮ ಇಷ್ಟದ ಪಕ್ಷದ ನಾಯಕರ ಪೋಸ್ಟ್ ಕೆಳಗೇ ಹೋಗಿ ಕೇಳಿ. ಎದುರು ಪಕ್ಷದವರ ಹತ್ತಿರ ಅಲ್ಲ, ನಿಮ್ಮವರ ಹತ್ತಿರ. ಎದುರಾಳಿಯನ್ನ ಪ್ರಶ್ನೆ ಮಾಡೋಕೆ ಧೈರ್ಯ ಬೇಕಿಲ್ಲ, ಅದಕ್ಕೆ ಪಕ್ಷವೇ ಶಭಾಷ್ ಅನ್ನುತ್ತೆ. ತಮ್ಮವರನ್ನ ಕೇಳೋರು ಕಮ್ಮಿ. ನಾಯಕರು ಹೆದರೋದು ಆ ಕಮ್ಮಿ ಜನಕ್ಕೇ.

ಟ್ರಂಪ್ 2025ರ ಜನವರಿ 20ಕ್ಕೆ ಪ್ರಮಾಣ ವಚನ ತಗೊಂಡ್ರು. ನಾಲ್ಕು ವರ್ಷ ಅಲ್ಲಿನವರು ಅದರ ಲೆಕ್ಕ ನೋಡ್ಕೊಳ್ಳಲಿ. ಅದರಲ್ಲಿ ನಮಗೆ ತಟ್ಟೋದನ್ನ ನಾವೂ ನೋಡೋಣ. ಆದರೆ ಅವರ ವೋಟು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರೋದು ನಮ್ಮ ಜಿಲ್ಲೆಯದು. ಒಂದು ಸಲ ಒಂದೇ ವೋಟಿಂದ ಎಂಎಲ್‌ಎ ಆರಿಸಿದ ಜಿಲ್ಲೆ ಇದು.

ಕಮೆಂಟ್‌ನಲ್ಲಿ ಪಕ್ಷದ ಹೆಸರು ಬರೀಬೇಡಿ. ನಿಮ್ಮ ಊರಿನ ಒಂದು ಕೆಲಸ ಬರೀರಿ, ಆಗದೇ ನಿಂತಿರೋದು. ಊರಿನ ಹೆಸರು, ಎಷ್ಟು ವರ್ಷದಿಂದ, ಅಷ್ಟೇ. ಎಲ್ಲಾ ಸೇರಿಸಿ ಒಂದು ಪಟ್ಟಿ ಮಾಡ್ತೀನಿ. ಮುಂದಿನ ಸಲ ವೋಟು ಕೇಳೋಕೆ ಯಾರೇ ಬರಲಿ, ಯಾವ ಬಾವುಟವೇ ಇರಲಿ, ಅವರ ಕೈಗೆ ಕೊಡೋಣ.

#ಬದನಗುಪ್ಪೆ #ಚಾಮರಾಜನಗರ #ಗುಂಡ್ಲುಪೇಟೆ #ಸಂತೆಮರಹಳ್ಳಿ #ವೋಟುನಮ್ಮದು